ಆರದ ಕಡ್ಡಿ

ನೊವುಸಿಲೆಯ ಗಂಡನ ಚಿಕ್ಕಪ್ಪ ವೆಲಾಫಿ ಗುರುವಾರ ಬರುತ್ತೇನೆಂದು ಹೇಳಿ ಕಳಿಸಿದ್ದ. ಬರಲಿಲ್ಲ. ನದಿಯಾಚೆಯ ಊರಿನಲ್ಲಿ ಯಾರನ್ನೋ ಮಣ್ಣು ಮಾಡುವುದಿತ್ತು. ಮಣ್ಣು ಮಾಡಿಯಾಯಿತು, ಎತ್ತು ಕಡಿದಾಯಿತು, ಬಂದವರೆಲ್ಲ ಎದ್ದು ಹೋದರು, ಚಿಕ್ಕಪ್ಪ ಮಾತ್ರ ಅಲ್ಲಿನ ಬಿಯರಿನ ಡ್ರಮ್ಮಿನ ತಳ ಕಾಣುವವರೆಗೆ ಏಳಲಿಲ್ಲ. ಅವನ ಸಮಾಚಾರ ಗೊತ್ತಿದ್ದವರು ಯಾರೂ ಆಶ್ಚರ್ಯಪಡಲಿಲ್ಲ. ಆದರೆ ಇತ್ತ ನೊವುಸಿಲೆಯ ಮನೆಯಲ್ಲಿ ಬಿಯರು ಯಾರನ್ನೂ ಕಾಯದೆ ಉಕ್ಕತೊಡಗಿತ್ತು. ಅದಕ್ಕೇನು ಚಿಕ್ಕಪ್ಪನ ಹಂಗೇ?

ಅದು ಬರಿಯ ಬಿಯರಲ್ಲ. ಶನಿವಾರ ನೊವುಸಿಲೆ ಕಪ್ಪು ಕಳಚುವವಳಿದ್ದಳು. ಅವಳ ಗಂಡ ಜೋಲಿಸಾ, ಕುರಿಯ ಉಣ್ಣೆ ಕತ್ತರಿಸುವವರ ಗುಂಪು ಕಟ್ಟಿಕೊಂಡು ಬಿಳಿಯರ ಫಾರಮ್ಮುಗಳಿಗೆ ಹೊರಟವನು, ಲಾರಿ ಮಗುಚಿ ಸತ್ತು ವರ್ಷ ತುಂಬಿತ್ತು. ಆ ವರ್ಷವಿಡೀ ಅವಳು ತಲೆವಸ್ತ್ರದಿಂದ ಕಾಲುಚೀಲದವರೆಗೆ ಕಪ್ಪು. ಕಪ್ಪಿನಲ್ಲಿರುವ ಹೆಂಗಸು ಗಟ್ಟಿಯಾಗಿ ಮಾತಾಡಬಾರದು. ಹೊತ್ತು ಮುಳುಗುವ ಮೊದಲು ಮನೆ ಸೇರಬೇಕು, ಬಾಗಿಲ ಹಿಂದಿನ ಚಾಪೆಯ ಮೇಲೆ ಕೂರಬೇಕು, ತನ್ನದೇ ಲೋಟದಲ್ಲಿ ಕುಡಿಯಬೇಕು. ದನಕುರಿಗಳ ಹತ್ತಿರವಂತೂ ಸುಳಿಯಲೇಬಾರದು. ಈ ಕೊನೆಯದೇ ಅವಳ ಹೊಟ್ಟೆಗೆ ಹೊಡೆದದ್ದು.

ಏಕೆಂದರೆ ಅವಳು ಊರಿನ ಉಣ್ಣೆ ಕೊಟ್ಟಿಗೆಯಲ್ಲಿ ಉಣ್ಣೆ ವಿಂಗಡಿಸುವವಳಾಗಿದ್ದಳು. ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಒಮ್ಮೆ ಸೆಳೆದರೆ ಸಾಕು, ಯಾವ ರಾಶಿಗೆ ಹೋಗಬೇಕೆಂದು ಕೈಯೇ ಹೇಳುತ್ತಿತ್ತು. ಆ ಮೇಜಿನ ಮುಂದೆ ನಿಂತಾಗ ಮಾತ್ರ ಅವಳು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ, ನೊವುಸಿಲೆ. ಕಳೆದ ಸಲ ಆ ಜಾಗ ಬೇರೆಯವಳ ಪಾಲಾಯಿತು. ಈ ಸಲ ಕೊಟ್ಟಿಗೆಯ ಮುಖ್ಯಸ್ಥ ಫಿಕಿಲೆ ಬೇಲಿಯಾಚೆ ನಿಂತೇ ಹೇಳಿ ಹೋಗಿದ್ದ: "ಸೋಮವಾರ ಕೊಟ್ಟಿಗೆ ತೆಗೀತೀವಿ. ಬಣ್ಣದ ಬಟ್ಟೇಲಿ ಬಂದ್ರೆ ಮೇಜು ನಿಂದು. ಬರದಿದ್ರೆ ಅವಳಿಗೇ ಖಾಯಂ ಮಾಡ್ತೀನಿ, ಆಮೇಲೆ ನನ್ನ ಬೈಕೋಬೇಡ." ವರ್ಷವಿಡೀ ಅತ್ತೆಯ ಕೈ ನೋಡಿಕೊಂಡು ಉಂಡವಳಿಗೆ ಆ ಸೋಮವಾರ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಬಿಯರು ಆಯಿತೋ ಇಲ್ಲವೋ ಎಂದು ನೋಡಲು ಈ ಬೆಟ್ಟಗಳ ಹೆಂಗಸರೆಲ್ಲ ಮಾಡುವುದು ಒಂದೇ. ಕಡ್ಡಿ ಗೀರಿ ಡ್ರಮ್ಮಿನ ಬಾಯೊಳಗೆ ಹಿಡಿಯುತ್ತಾರೆ. ಬಿಯರು ಇನ್ನೂ ಹುದುಗುತ್ತಿದ್ದರೆ ಅದರ ಉಸಿರಿಗೆ ಕಡ್ಡಿ ಆರುತ್ತದೆ. ಕೆಲಸ ಮುಗಿದಿದ್ದರೆ ನೆಟ್ಟಗೆ ಉರಿಯುತ್ತದೆ, ಆಗ ಸೋಸಬಹುದು. ಇಷ್ಟೇ. ಆದರೆ ನೊವುಸಿಲೆ ಸೇರಿದ ಮನೆಯವರಿಗೆ ಇಷ್ಟು ಸಾಲದು. ಇವರಿಗೆ ಎರಡು ಕಡ್ಡಿ ಬೇಕು. ಮೊದಲನೆಯದು ಮನೆತನದ ದೊಡ್ಡವನ, ಅಂದರೆ ಈಗ ವೆಲಾಫಿ ಚಿಕ್ಕಪ್ಪನ, ಕಣ್ಣೆದುರು ಆರಬೇಕು. ಆರಿತೆಂದರೆ ತೀರಿಹೋದ ಹಿರಿಯರು ಬಂದು ಊದಿದರು, ಕೆಲಸಕ್ಕೆ ಒಪ್ಪಿದರು. ಎರಡನೆಯದು ಉರಿಯಬೇಕು, ಉರಿಯಿತೆಂದರೆ ಹಿರಿಯರು ತಮ್ಮ ಪಾಲು ಕುಡಿದು ಪಕ್ಕಕ್ಕೆ ಸರಿದರು. ಆಮೇಲೆ ದೊಡ್ಡವನು ನೆಲಕ್ಕಿಷ್ಟು ಸುರಿದು ಮೊದಲ ಗುಟುಕು ಕುಡಿಯುವ ತನಕ ಯಾರೂ ತುಟಿ ತಾಗಿಸುವಂತಿಲ್ಲ. ಹುದುಗೇ ಬಾರದ ಬಿಯರಿನಲ್ಲೂ ಕಡ್ಡಿ ಉರಿಯುತ್ತದೆ; ಮೊದಲ ಕಡ್ಡಿಗೆ ಬಾರದೆ ಎರಡನೆಯದಕ್ಕೆ ಬಂದು ನಿಂತವನಿಗೆ ಏನು ಕಾಣುತ್ತದೆ ಎಂದು ಈ ಪದ್ಧತಿ ಮಾಡಿಟ್ಟವರು ಯೋಚಿಸಿರಲಿಲ್ಲ. ಗಂಡಸರಲ್ಲವೇ, ಡ್ರಮ್ಮಿನ ಪಕ್ಕ ಕೂತು ಕಾದು ಗೊತ್ತಿದ್ದರೆ ತಾನೇ!

ಆ ವಾರ ಬೆಟ್ಟದ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು. ಮೆಕ್ಕೆಜೋಳದ ಅಂಬಲಿ ಹದವಾಗಿ ಹುಳಿ ಬಂದಿತ್ತು, ಜೋಳದ ಮೊಳಕೆಯ ಹಿಟ್ಟು ಹೊಸದು, ಗುಡಿಸಲಿನ ಒಳಗೂ ಒಲೆಯ ಬಾಯಲ್ಲಿ ಕೂತಂತೆ ಕಾವು. ನಿಧಾನವಾಗಿ ಹುದುಗಿ ಏಳಬೇಕಾದ ಬಿಯರು ಗುರುವಾರ ಮಧ್ಯಾಹ್ನವೇ ಗುಳುಗುಳು ಮಾತಾಡತೊಡಗಿತು. ನೊವುಸಿಲೆ ಓಡಿಹೋಗಿ ಅತ್ತೆಯನ್ನು ಕರೆತಂದಳು. ಅತ್ತೆ ಮಗತ್ಯೇನಿ ಸೊರಗಿದ ಮುದುಕಿ, ಜೋಲಿಸಾನ ತಾಯಿ, ಮೊಣಕಾಲು ಹಿಡಿದುಕೊಂಡೇ ನಡೆಯುವವಳು. ಕಡ್ಡಿ ಗೀರಿದ್ದು ಅವಳೇ. ಡ್ರಮ್ಮಿನ ಬಾಯಿಗೆ ತಂದಳೋ ಇಲ್ಲವೋ, ಫಕ್ಕನೆ ಆರಿತು. ಇನ್ನೊಂದು ಗೀರಿದಳು. ಅದೂ ಆರಿತು.

"ಊದಿದ್ರು ಕಣೇ ಮಕೋಟಿ," ಎಂದಳು ಅತ್ತೆ. ಸೊಸೆಯನ್ನು ಅವಳು ಕರೆಯುತ್ತಿದ್ದದ್ದೇ ಹಾಗೆ.

"ಹೌದತ್ತೆ, ಊದಿದ್ರು! ಚಿಕ್ಕಪ್ಪ ಇದ್ದಿದ್ರೆ..."

"ಹಂಗಾದ್ರೆ ಶನಿವಾರ ಕಳಚಿಬಿಡ್ತೀಯ." ಮುದುಕಿ ನೊರೆಯನ್ನೇ ನೋಡುತ್ತಾ ಬಹಳ ಹೊತ್ತು ನಿಂತಳು. ನೊವುಸಿಲೆಗೆ ಅದು ಸಂತೋಷವೆಂದೇ ಕಂಡಿತು. ತನ್ನ ಎದೆಯಲ್ಲಿ ಕುಣಿಯುತ್ತಿದ್ದದ್ದೇ ಎಲ್ಲರ ಎದೆಯಲ್ಲೂ ಕುಣಿಯುತ್ತಿದೆ ಎಂದುಕೊಂಡಳು, ಪಾಪ.

ಸಂಜೆಯ ಹೊತ್ತಿಗೆ ನೊರೆ ಡ್ರಮ್ಮಿನ ಅಂಚು ದಾಟಿ ಬುಡದ ಸುತ್ತ ಹಾಸಿದ್ದ ಚಾಪೆಯ ಮೇಲೆ ಹರಿಯಿತು. ನೊವುಸಿಲೆ ಚಾಪೆ ತೆಗೆದು ಹೊತ್ತು ಮುಳುಗುವ ಮೊದಲೇ ಹೊಳೆಯಲ್ಲಿ ತೊಳೆದು ತಂದಳು. ಶುಕ್ರವಾರ ಬೆಳಿಗ್ಗೆ ನೊರೆ ಕೂತಮೇಲೆ ಒದ್ದೆ ಬಟ್ಟೆ ತಗೊಂಡು ಡ್ರಮ್ಮಿನ ಹೊರಗೂ ಒಳಗಿನ ಅಂಚಿಗೂ ಅಂಟಿ ಒಣಗಿದ್ದ ಹಿಟ್ಟಿನ ಗೆರೆಯನ್ನೆಲ್ಲ ಉಜ್ಜಿ ಉಜ್ಜಿ ಒರೆಸಿದಳು. ದೊಡ್ಡವರು ಬಂದು ನೋಡುವ ಡ್ರಮ್ಮು, ಕೊಳಕಾಗಿದ್ದರೆ ಏನೆಂದಾರು! ಚೊಕ್ಕಟದ ಹೆಂಗಸು. ತನ್ನ ಪರವಾಗಿ ಇದ್ದ ಒಂದೇ ಗುರುತನ್ನು ತನ್ನ ಕೈಯಾರೆ ಅಳಿಸಿ ಹಾಕಿದಳು.

ಮಧ್ಯಾಹ್ನ ಪಕ್ಕದ ಮನೆಯ ಮಬೇಲೆ ಬಂದಳು. ಬಾಯಿ ಜೋರಿನ ಹೆಂಗಸು, ಊರಲ್ಲಿ ಯಾರ ಮನೆಯ ಡ್ರಮ್ಮಿಗೂ ಅವಳದೊಂದು ಮಾತು ಇದ್ದೇ ಇರುತ್ತದೆ. ಬಾಗಿಲಲ್ಲೇ ಮೂಗೆತ್ತಿ ಗಾಳಿ ಎಳೆದಳು. ಆಮೇಲೆ ಡ್ರಮ್ಮಿಗೆ ಕಿವಿಯಿಟ್ಟಳು.

"ಮಾತು ನಿಲ್ಲಿಸಿದೆ ಕಣೇ. ಮುಗೀತು ಇದರದ್ದು. ಇನ್ನೇನು ಕಾಯ್ತಾ ಇದ್ದೀಯ, ಸೋಸು!"

"ಚಿಕ್ಕಪ್ಪ ಬರ್ದೇ ಹೆಂಗೆ ಸೋಸ್ಲಿ?"

"ಅವನು ಬರೋವರೆಗೂ ಬಿಯರು ಮದುವಣಗಿತ್ತಿ ಥರ ತಲೆ ಬಗ್ಗಿಸ್ಕೊಂಡು ಕೂತಿರುತ್ತಾ? ಕುಡುಕ ನನ್ಮಗ!" ಎಂದು ಬೈದು, ಶನಿವಾರಕ್ಕೆ ತಾನೇ ಹೊಲಿದ ನೀಲಿ ಬಟ್ಟೆಯನ್ನು ನೊವುಸಿಲೆಯ ಕೈಗಿಟ್ಟು ಹೋದಳು. ನೊವುಸಿಲೆ ಅದನ್ನು ಬಿಚ್ಚಿ ನೋಡಲಿಲ್ಲ. ಬಿಚ್ಚಿದರೆ ಈಗಲೇ ತೊಟ್ಟುಬಿಡುತ್ತೇನೆ ಅನ್ನಿಸಿತು.

ಹೊತ್ತು ಇಳಿಯುವಾಗ ವೆಲಾಫಿ ಚಿಕ್ಕಪ್ಪ ಬಂದ. ಜೊತೆಗೆ ಮನೆತನದ ಇನ್ನಿಬ್ಬರು ಗಂಡಸರು. ಕಣ್ಣು ಕೆಂಪು, ಕೋಟಿನ ಗುಂಡಿ ಒಂದು ಹೋಗಿತ್ತು, ಆದರೆ ಗತ್ತಿಗೇನೂ ಕಮ್ಮಿಯಿರಲಿಲ್ಲ. ಹೆಂಗಸರೆಲ್ಲ ಎಡಗಡೆ ಕೂತರು. ನೊವುಸಿಲೆ ಬಾಗಿಲ ಹಿಂದೆ ತನ್ನ ಚಾಪೆಯ ಮೇಲೆ. ಚಿಕ್ಕಪ್ಪ ಟೋಪಿ ತೆಗೆದು, ಕುಲದ ಹಿರಿಯರನ್ನು ಹೆಸರು ಹೇಳಿ ಕರೆದು, ಕಡ್ಡಿ ಗೀರಿ ಡ್ರಮ್ಮಿನೊಳಗೆ ಕೈ ಚಾಚಿದ.

ಕಡ್ಡಿ ಉರಿಯಿತು. ನೆಟ್ಟಗೆ, ಅಲ್ಲಾಡದೆ ಉರಿಯಿತು. ಅವನ ಬೆರಳು ಸುಡುವವರೆಗೂ ಉರಿಯಿತು.

"ಥೂ!" ಎಂದು ಕೈ ಕೊಡವಿ ಇನ್ನೊಂದು ಗೀರಿದ. ಅದೂ ಹಾಗೆಯೇ. ಬಗ್ಗಿ ನೋಡಿದ. ಒಂದು ಗುಳ್ಳೆಯಿಲ್ಲ, ಡ್ರಮ್ಮಿನ ಅಂಚು ಹೊಸದರಂತೆ ಥಳಥಳ, ಕೆಳಗಿನ ಚಾಪೆ ಒಣಗಿ ಚೊಕ್ಕಟ.

"ಇದು ಎದ್ದೇ ಇಲ್ಲ," ಎಂದ.

ನೊವುಸಿಲೆ ಚಾಪೆಯಿಂದ ಅರ್ಧ ಎದ್ದಳು. "ಎದ್ದಿತ್ತು ಚಿಕ್ಕಪ್ಪ. ನಿನ್ನೆನೇ ಎದ್ದು ಇಳೀತು. ಕಡ್ಡಿ ಆರಿತ್ತು. ನೀವು ಬರೋದು ತಡ ಆಯ್ತು..."

"ನಾನು ಬರೋದು ತಡ ಆಯ್ತು? ಓಹೋ. ಹಿರಿಯರು ಬರಲಿಲ್ಲ ಅನ್ನೋದಕ್ಕೆ ನಾನು ಹೊಣೆಯೋ?"

"ವಾಸನೆ ನೋಡಣ್ಣ," ಎಂದು ಮಬೇಲೆ ಬಾಯಿ ಹಾಕಿದಳು. "ಎದ್ದಿಲ್ಲದ ಬಿಯರು ಹಿಂಗೆ ಮೂಗಿಗೆ ಹೊಡೆಯುತ್ತಾ?"

"ನೀನು ಕಣ್ಣಾರೆ ನೋಡ್ದೆಯಾ ಕಡ್ಡಿ ಆರಿದ್ದು?"

"ನೋಡ್ಲಿಲ್ಲ. ಆದ್ರೆ ನನ್ನ ಮೂಗು..."

"ನಿನ್ನ ಮೂಗನ್ನ ಈ ಮನೆಗೆ ಯಾರು ಕರ್ದಿದ್ರು? ಎತ್ತಿಟ್ಕೊಂಡು ಸುಮ್ನಿರು." ಗಂಡಸರು ನಕ್ಕರು. ಮಬೇಲೆ ಬೇರೆ ಕುಲದವಳು, ಮುಂದೆ ಮಾತಾಡುವಂತಿರಲಿಲ್ಲ. ಚಿಕ್ಕಪ್ಪ ಮುದುಕಿಯ ಕಡೆ ತಿರುಗಿದ. "ಅತ್ತಿಗೆ, ನೀನು ಮನೆಯಲ್ಲೇ ಇದ್ದೆ. ಕಡ್ಡಿ ಆರಿದ್ದು ನೋಡಿದ್ಯಾ?"

ನೊವುಸಿಲೆಗೆ ಉಸಿರು ಬಂತು. ಎಂಥ ಪೆದ್ದಿ ತಾನು, ಸಾಕ್ಷಿ ಎದುರಿಗೇ ಕೂತಿದೆ. ಅತ್ತೆಯ ಮುಖವನ್ನೇ ನೋಡಿದಳು.

ಅತ್ತೆ ಸೆರಗಿನಂತೆ ಹೊದ್ದ ಶಾಲನ್ನು ಎಳೆದುಕೊಂಡಳು. ನೆಲ ನೋಡಿದಳು. "ನನ್ನ ಕಣ್ಣು ಹೆಂಗಿದೆ ಅಂತ ನಿಂಗೆ ಗೊತ್ತಲ್ಲಪ್ಪ," ಎಂದಳು. "ನಾನೇನೂ ನೋಡ್ಲಿಲ್ಲ."

"ಅತ್ತೇ!"

"ಕಪ್ಪಲ್ಲಿರೋಳು ಕೂಗಬಾರದು," ಎಂದ ಗಂಡಸರಲ್ಲೊಬ್ಬ.

ಚಿಕ್ಕಪ್ಪ ಕೋಲೂರಿ ಕೂತ. ಹಿರಿಯರು ಊದದಿದ್ದರೆ ಅದಕ್ಕೊಂದು ಕಾರಣ ಇರಲೇಬೇಕು, ಕಾರಣ ಇದ್ದರೆ ಅದು ಬಿಯರು ಮಾಡಿದವಳಲ್ಲೇ ಇರಬೇಕು. ಇಷ್ಟು ಲೆಕ್ಕ ಅವನಿಗೆ ಬರುತ್ತಿತ್ತು. "ಹೇಳ್ಬಿಡಮ್ಮ," ಎಂದ, ದನಿ ಮೆದು ಮಾಡಿಕೊಂಡು. "ಈ ವರ್ಷದಲ್ಲಿ ಏನು ತಪ್ಪಿದ್ದೀಯ? ಕತ್ತಲಾದ ಮೇಲೆ ಹೊರಗೆ ಹೋಗಿದ್ಯಾ? ಯಾರಾದ್ರೂ ಬಂದಿದ್ರಾ? ಬಾಯ್ಬಿಟ್ಟು ಹೇಳಿದ್ರೆ ಮನಸ್ಸು ಹಗುರ ಆಗುತ್ತೆ. ಒಂದು ಆಡು ಕಡಿದು ಸಮಾಧಾನ ಮಾಡೋಣ, ಶನಿವಾರದ ಕೆಲಸ ಶನಿವಾರವೇ ಮುಗಿಸೋಣ."

ಅಂದರೆ ಒಂದು ಸುಳ್ಳು ಒಪ್ಪಿಕೊಂಡರೆ ಸೋಮವಾರ ಅವಳದು. ಮಬೇಲೆ ಕಣ್ಣಲ್ಲೇ ಸನ್ನೆ ಮಾಡಿದಳು, ಹೇಳ್ಬಿಡು, ಏನೋ ಒಂದು ಹೇಳ್ಬಿಡು ಎಂದು. ವರ್ಷವಿಡೀ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೇಮ ಕಾದವಳು ನೊವುಸಿಲೆ. ಜೋಲಿಸಾ ಒಳ್ಳೆಯ ಗಂಡ, ಅವನಿಗೆ ಆ ಮರ್ಯಾದೆ ಸಲ್ಲಬೇಕೆಂದೇ ಕಾದಿದ್ದಳು. ಈಗ ಅವನ ಹೆಸರಿಗೆ ತಾನೇ ಮಸಿ ಬಳಿಯಬೇಕೇ? ಈ ಬಿಯರಿನ ವಾಸನೆ ಇಡೀ ಗುಡಿಸಲು ತುಂಬಿರುವಾಗ? ಈ ಗಂಡಸರ ಮೂಗಿಗೇನಾಗಿದೆ, ದಿನಾ ಅದರಲ್ಲೇ ಮುಳುಗೇಳುವವರು! ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಎದ್ದಳು. ಯಾರೂ ತಡೆಯುವ ಮೊದಲೇ ಗೋಡೆಯ ಮೊಳೆಯಲ್ಲಿದ್ದ ತಗಡಿನ ಡಬ್ಬಿ ತಗೊಂಡು ಡ್ರಮ್ಮಿಗೆ ಅದ್ದಿ, ಎಲ್ಲರೆದುರೇ ಕುಡಿದಳು.

ಮೊದಲು ಹುಳಿ. ಆಮೇಲೆ ನಾಲಿಗೆಯ ಬುಡದಲ್ಲಿ ಸಣ್ಣ ಕಾವು. ಸಿಹಿ ಒಂದು ಹನಿ ಉಳಿದಿರಲಿಲ್ಲ, ಮೊಳಕೆಯ ಸಿಹಿಯನ್ನೆಲ್ಲ ತಿಂದು ಮುಗಿಸಿ ತಣ್ಣಗೆ ಕೂತಿತ್ತು ಅದು. ಅವಳು ಜೀವಮಾನದಲ್ಲಿ ಮಾಡಿದ ಬಿಯರಿನಲ್ಲೆಲ್ಲ ಅಷ್ಟು ಸರಿಯಾಗಿ ಮುಗಿದದ್ದು ಇನ್ನೊಂದಿರಲಿಲ್ಲ.

"ಕುಡೀರಿ," ಎಂದು ಡಬ್ಬಿಯನ್ನು ಚಿಕ್ಕಪ್ಪನ ಮುಂದೆ ಹಿಡಿದಳು. "ಎದ್ದಿಲ್ವಾ ಇದು? ಕುಡಿದು ಹೇಳಿ."

ಹಿರಿಯರಿಗೆ ಸುರಿಯುವ ಮೊದಲೇ ಬಾಯಿ ಹಚ್ಚಿದ್ದಳು, ಅದೂ ಕಪ್ಪಿನಲ್ಲಿ, ಎಲ್ಲರ ಡಬ್ಬಿಯಲ್ಲಿ, ಗಂಡಸರ ಮುಂದೆ ನಿಂತುಕೊಂಡು. ಚಿಕ್ಕಪ್ಪ ಡಬ್ಬಿಯತ್ತ ನೋಡಲೂ ಇಲ್ಲ. ಅವನ ಮುಖದಲ್ಲಿ ಕಂಡದ್ದು ಸಿಟ್ಟಲ್ಲ, ನೆಮ್ಮದಿ. ಹುಡುಕುತ್ತಿದ್ದ ತಪ್ಪು ಕಾಲಡಿಗೇ ಬಂದು ಬಿದ್ದಿತ್ತಲ್ಲ.

"ಇದಕ್ಕೇ ಅವರು ಬಂದಿಲ್ಲ," ಎಂದ ಟೋಪಿ ಹಾಕಿಕೊಳ್ಳುತ್ತಾ. "ಇನ್ನೊಂದು ವರ್ಷ. ಕಪ್ಪಲ್ಲೇ ಇರ್ಲಿ."

ಶನಿವಾರ ನೆಂಟರು ಬಂದೇ ಬಂದರು. ಬರಬೇಡಿ ಎಂದು ಹೇಳಲು ಹೊತ್ತಿರಲಿಲ್ಲ. ಕೆಲಸವಂತೂ ನಿಂತಿತ್ತು, ಆದರೆ ಅಷ್ಟು ದೊಡ್ಡ ಡ್ರಮ್ಮು ತುಂಬಾ ಇದೆಯಲ್ಲ, ಚೆಲ್ಲುವುದಕ್ಕಾಗುತ್ತದೆಯೇ? ಚಿಕ್ಕಪ್ಪನೇ ದಾರಿ ತೋರಿಸಿದ. ಹಿರಿಯರು ಮುಟ್ಟದ್ದು ಅಂದಮೇಲೆ ಇದು ಕೆಲಸದ ಬಿಯರಲ್ಲ, ಬರೀ ಬಿಯರು, ಬರೀ ಬಿಯರನ್ನು ಯಾರು ಬೇಕಾದರೂ ಕುಡಿಯಬಹುದು. ಮಬೇಲೆ ಹಲ್ಲು ಕಚ್ಚಿಕೊಂಡು ಸೋಸಿದಳು. ದೊಡ್ಡಿಯ ಬೇಲಿಗೊರಗಿ ಗಂಡಸರು ಸಾಲಾಗಿ ಕೂತರು, ಡಬ್ಬಿ ಕೈಯಿಂದ ಕೈಗೆ ಹೋಯಿತು. ಎದ್ದೇ ಇರದ ಬಿಯರು ಕುಡಿದು ಹೊತ್ತು ನೆತ್ತಿಗೇರುವ ಮೊದಲೇ ಇಬ್ಬರು ಹಾಡಲು ಎದ್ದರು, ಒಬ್ಬ ಏಳಲಾಗದೆ ಅಲ್ಲೇ ಮಲಗಿದ. ಉಣ್ಣೆ ಕೊಟ್ಟಿಗೆಯ ಫಿಕಿಲೆಯೂ ಇದ್ದ. "ಯಾರಪ್ಪಾ ಮಾಡಿದ್ದು ಇದನ್ನ? ಅಬ್ಬಬ್ಬಾ!" ಎಂದು ಒಬ್ಬ ಬಾಯಿ ಚಪ್ಪರಿಸಿದ. "ನಮ್ಮ ಸೊಸೆ," ಎಂದ ವೆಲಾಫಿ ಚಿಕ್ಕಪ್ಪ ಎದೆಯುಬ್ಬಿಸಿ. "ಮುಂದಿನ ವರ್ಷವೂ ಅವಳ ಕೈಲೇ ಮಾಡಿಸ್ತೀವಿ."

ನೊವುಸಿಲೆ ಬಾಗಿಲ ಹಿಂದೆ ಕೂತು ಅದೆಲ್ಲವನ್ನೂ ಕೇಳಿದಳು.

ಅತ್ತೆ ಒಳಗೆ ಬಂದಳು. ಸೊಸೆಯ ಲೋಟ ತುಂಬಿ ತಂದಿದ್ದಳು. ಚಾಪೆಯ ಅಂಚಿನಲ್ಲಿ ಕಷ್ಟಪಟ್ಟು ಕೂತು ಲೋಟವನ್ನು ಮುಂದೆ ತಳ್ಳಿದಳು. "ಕುಡಿ. ಚೆನ್ನಾಗಾಗಿದೆ."

ನೊವುಸಿಲೆ ಮುಟ್ಟಲಿಲ್ಲ.

"ಆರಿತ್ತು," ಎಂದಳು ಮುದುಕಿ, ಹೊರಗಿನವರಿಗೆ ಕೇಳಿಸದಂತೆ. "ಎರಡೂ ಕಡ್ಡಿ ಆರಿತ್ತು. ನಾನು ನೋಡ್ದೆ."

"ಹೊರಗೆ ಹೋಗಿ ಹೇಳಿ ಅದನ್ನ. ಎಲ್ಲಾರೂ ಇದ್ದಾರೆ. ಈಗ್ಲೇ ಹೇಳಿ."

"ಹೇಳಲ್ಲ." ಮುದುಕಿ ಕೈಚಾಚಿ ಸೊಸೆಯ ಕಪ್ಪು ತೋಳನ್ನು ಸವರಿದಳು. "ನನಗೆ ಮೂರು ತಿಂಗಳಿಗೇ ಬಿಚ್ಚಿಸಿಬಿಟ್ರು. ತಾಯಿಗೆ ಅಷ್ಟೇ ಅಂತೆ. ಅವನ ಕತ್ತರಿ ಜೊತೆಗಾರರು ತಗೊಂಡ್ರು, ಕೋಟು ಇವನು ತಗೊಂಡ, ಚಿಕ್ಕಪ್ಪ. ಈ ಮನೇಲಿ ನನ್ನ ಮಗ ಅಂತ ಉಳಿದಿರೋದು ಇದೊಂದೇ. ನಿನ್ನ ನೋಡ್ದಾಗೆಲ್ಲ ಜನ ಅವನ್ನ ನೆನೀತಾರೆ. ನೀನು ನೀಲಿ ತೊಟ್ಕೊಂಡು ಉಣ್ಣೆ ಕೊಟ್ಟಿಗೇಲಿ ನಗ್ತಾ ನಿಂತ್ರೆ, ಯಾರೇ ನೆನೀತಾರೆ? ಇನ್ನೊಂದ್ ವರ್ಷ ಕಣೇ. ಒಂದೇ ವರ್ಷ ಇರ್ಲಿ ಬಿಡು."

ನೊವುಸಿಲೆಗೆ ಒಂದು ಗಳಿಗೆ ಮರುಕ ಬಂತು, ಸುಳ್ಳಲ್ಲ. ಮರುಗಳಿಗೆಯೇ ಅದು ಹೋಗಿ ಬೆಂಕಿ ಹತ್ತಿಕೊಂಡಿತು. ತಾನೂ ಅಳಲಿಲ್ಲವೇ ಅವನಿಗಾಗಿ? ಈ ಮುದುಕಿಗೆ ಬೇಕಾದದ್ದು ಸೊಸೆಯಲ್ಲ, ಮಗನ ನೆನಪು ನೇತು ಹಾಕಲು ಒಂದು ಗೂಟ.

ಅವಳು ಎದ್ದು ತಲೆವಸ್ತ್ರ ಬಿಚ್ಚಿದಳು. ಅಂಗಿ ಬಿಚ್ಚಿದಳು, ಲಂಗ ಬಿಚ್ಚಿದಳು, ಕಾಲುಚೀಲ ಕಿತ್ತೆಸೆದಳು. ಎಲ್ಲವನ್ನೂ ಮುದ್ದೆ ಮಾಡಿ ಅತ್ತೆಯ ಮಡಿಲಿಗೆ ಹಾಕಿದಳು. "ತಗೊಳಿ ನಿಮ್ಮ ಮಗನ್ನ. ನೀವೇ ಇಟ್ಕೊಳಿ."

ಸೋಮವಾರ ಬೆಳಗಾಗುತ್ತಲೇ ಅವಳು ನೀಲಿ ಬಟ್ಟೆ ತೊಟ್ಟು ಕೊಟ್ಟಿಗೆಗೆ ಹೋದಳು. ಕುರಿಗಳ ಅರಚಾಟ, ಉಣ್ಣೆಯ ಜಿಡ್ಡಿನ ವಾಸನೆ. ಎಷ್ಟು ದಿನವಾಗಿತ್ತು! ಮೇಜಿನ ಹತ್ತಿರ ಹೋಗಿ ಒಂದು ಎಳೆ ಹಿಡಿದಳು. ಆಚೀಚೆ ನಿಂತಿದ್ದ ಹೆಂಗಸರು ಬಿಸಿ ತಾಗಿದವರಂತೆ ಉಣ್ಣೆಯಿಂದ ಕೈ ತೆಗೆದರು. ಕತ್ತರಿಗಳ ಸದ್ದು ನಿಂತಿತು. ಫಿಕಿಲೆ ಬೇಗ ಬೇಗ ಬಂದ.

"ಯಾರು ಕಳಚಿದ್ರಮ್ಮ ನಿನ್ನ ಕಪ್ಪನ್ನ?"

"ನಾನೇ."

"ಹಂಗೆಲ್ಲ ಆಗುತ್ತಾ? ತಾನೇ ಕಳಚಿದೋಳು ಮುಟ್ಟಿದ್ರೆ... ನೋಡು, ನಿನ್ನ ಕೈ ಚಿನ್ನ, ನಾನು ಇಲ್ಲ ಅನ್ನಲ್ಲ. ಆದ್ರೆ ಕುರಿ ನಂದಲ್ಲ, ಊರಿಂದು. ನಾಳೆ ಒಂದಕ್ಕೆ ರೋಗ ಬಂದ್ರೂ ನನ್ನ ಕುತ್ತಿಗೆ ಹಿಡೀತಾರೆ. ಮನೆಗೆ ಹೋಗು." ಅವಳು ಕದಲದೆ ಇರುವುದನ್ನು ಕಂಡು ಸಮಾಧಾನ ಮಾಡಲು ಇನ್ನೊಂದು ಮಾತು ಸೇರಿಸಿದ. "ಶನಿವಾರದ ಬಿಯರಂತೂ, ಅಬ್ಬಾ, ಇವತ್ತಿಗೂ ತಲೆ ಭಾರ ಇಳಿದಿಲ್ಲ."

"ಅದು ಎದ್ದೇ ಇರಲಿಲ್ವಂತಲ್ಲ?" ಎಂದಳು ನೊವುಸಿಲೆ.

ಫಿಕಿಲೆ ಕುರಿಗಳ ಕಡೆ ತಿರುಗಿಕೊಂಡ. ಸುತ್ತ ನಿಂತವರಲ್ಲಿ ಅರ್ಧ ಜನ ಬೇಲಿಗೊರಗಿ ಕುಡಿದವರೇ. ಒಬ್ಬರೂ ಅವಳ ಮುಖ ನೋಡಲಿಲ್ಲ. ಯಾರೋ ಒಂದು ಕುರಿಯನ್ನು ಕಾಲು ಹಿಡಿದು ಎಳೆದರು, ಕತ್ತರಿಗಳು ಮತ್ತೆ ಸದ್ದು ಮಾಡತೊಡಗಿದವು.

ಮನೆಯವರೆಗಿನ ದಾರಿಯಲ್ಲಿ ಎದುರಾದ ಹೆಂಗಸರು ದಾರಿ ಬಿಟ್ಟು ಹೊಲಕ್ಕೆ ಇಳಿದರು. ಕಪ್ಪಿನಲ್ಲಿದ್ದಾಗ ಮೆಲ್ಲಗಾದರೂ ಮಾತಾಡಿಸುತ್ತಿದ್ದವರು. ಮಬೇಲೆ ಮಾತ್ರ ತನ್ನ ಅಂಗಳದಿಂದ ಕೈಯೆತ್ತಿದಳು. ಎತ್ತಿದ್ದನ್ನು ಗಂಡ ನೋಡಿದನೆಂದು ಇಳಿಸಿದಳು. ಇನ್ನೊಂದು ವರ್ಷ, ಇನ್ನೊಂದು ಡ್ರಮ್ಮು, ಇನ್ನೊಂದು ಕಡ್ಡಿ. ಅದಕ್ಕೂ ಸಾಕ್ಷಿ ಆ ಮುದುಕಿಯೇ. ಬೇರೆ ಯಾವ ಬಾಗಿಲೂ ನೊವುಸಿಲೆಗೆ ಉಳಿದಿರಲಿಲ್ಲ, ಅದು ಅವಳಿಗೆ ಗೊತ್ತಿತ್ತು, ಗೊತ್ತಿದ್ದದ್ದಕ್ಕೇ ಹೊಟ್ಟೆಯುರಿಯುತ್ತಿತ್ತು.

ಒಳಗೆ ಅತ್ತೆ ಕೆಂಡದ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಕಾದು ಕೂತಿದ್ದಳು. ಕಪ್ಪು ಬಟ್ಟೆಯನ್ನು ಒಗೆದು, ಒಣಗಿಸಿ, ಒಂದು ಸುಕ್ಕಿಲ್ಲದಂತೆ ತೀಡಿದ್ದಳು. ಮಗುವಿಗೆ ಅಂಗಿ ಹಾಕುವಾಗ ಹಿಡಿಯುತ್ತಾರಲ್ಲ, ಹಾಗೆ ಕಪ್ಪಂಗಿಯ ತೋಳುಗಳನ್ನು ಅಗಲಿಸಿ ಹಿಡಿದಳು. ನೊವುಸಿಲೆ ನೀಲಿ ಬಟ್ಟೆ ಕಳಚಿ, ಕೈ ತೂರಿಸಿದಳು. ಬಟ್ಟೆ ಇನ್ನೂ ಬೆಚ್ಚಗಿತ್ತು. ಮುದುಕಿ ಅವಳ ಬೆನ್ನ ಹಿಂದೆ ನಿಂತು ಒಂದೊಂದೇ ಗುಂಡಿ ಹಾಕುತ್ತಾ, ಮೆಲ್ಲಗೆ, ಮಗನೊಂದಿಗೆ ಮಾತಾಡತೊಡಗಿದಳು.